ಅಪ್ಪನಿಗೆ ಟಿಬಿ ಬಂದಿದೆ, ಮನೆಯವರೆಲ್ಲಾ ಯಾಕೆ ಮಾತ್ರೆ ನುಂಗಬೇಕು?

ಪ್ರಶ್ನೆ: ಡಾಕ್ಟರೇ, ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 54 ವರ್ಷ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಸಂಕ್ರಾಂತಿ ಕಳೆದ ಮೇಲೆ ಕೆಮ್ಮು ಹಿಡಿಯಿತು. ಎರಡು ಕಡೆ ತೋರಿಸಿದೆವು. ಎರಡೂ ಕಡೆ ಸಿರಪ್ಪು, ಮಾತ್ರೆ ಕೊಟ್ಟು ಕಳಿಸಿದರು. ಎರಡು ತಿಂಗಳಾದ ಮೇಲೆ ಕಫ ಪರೀಕ್ಷೆ ಮಾಡಿಸಿದಾಗ ಟಿಬಿ ಅಂತ ಗೊತ್ತಾಯಿತು. ಅಷ್ಟರಲ್ಲಿ ತೂಕ 58 ಕೆಜಿಯಿಂದ 46ಕ್ಕೆ ಇಳಿದಿತ್ತು. ಈಗ ಮಾತ್ರೆ ಶುರುಮಾಡಿ 24 ದಿನ. ಕೆಮ್ಮು ಹೆಚ್ಚು ಕಮ್ಮಿ ನಿಂತಿದೆ, 'ಇನ್ನು ಮಾತ್ರೆ ಸಾಕು' ಅಂತಾರೆ. ಮೂತ್ರ ಕೆಂಪಗೆ ಹೋಗುತ್ತಿದೆ. ಸಕ್ಕರೆ ಮೊದಲಿಗಿಂತ ಏರಿದೆ. ಸೋದರತ್ತೆ ಬಂದು ಮೊಸರು, ಮೊಟ್ಟೆ, ಬಾಳೆಹಣ್ಣು ಕೊಡಬೇಡಿ ಅಂದಿದ್ದಾರೆ, ಅಪ್ಪನ ತಟ್ಟೆ ಲೋಟ ಬೇರೆ ಇಡಿಸಿದ್ದಾರೆ. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಅವರ ಮೂರು ವರ್ಷದ ಮಗಳು, ನಾನು ಇದ್ದೇವೆ. ನಾವೂ ಮಾತ್ರೆ ತಗೋಬೇಕು ಅಂತ ಆಶಾ ಅಕ್ಕ ಹೇಳಿದರು. ಹುಷಾರಾಗಿರುವವರಿಗೆ ಮಾತ್ರೆ ಯಾಕೆ? ಮುಂದಿನ ತಿಂಗಳು ಊರ ಜಾತ್ರೆ. ತಂಗಿ ಐದು ತಿಂಗಳ ಕೂಸನ್ನು ಕರೆದುಕೊಂಡು ಬರಬಹುದಾ? ಮತ್ತೆ, ನಾವೇ ತಡ ಮಾಡಿಬಿಟ್ಟೆವಾ ಅನ್ನುವ ಕೊರಗು ಹೋಗುತ್ತಿಲ್ಲ.

ಉತ್ತರ: ಕೊನೆಯ ಮಾತಿನಿಂದಲೇ ಶುರುಮಾಡುತ್ತೇನೆ. ನೀವು ತಡ ಮಾಡಲಿಲ್ಲ. ಕೆಮ್ಮು ಬಂತು, ಅಪ್ಪನನ್ನು ಕರೆದುಕೊಂಡು ಹೋದಿರಿ, ಅದೂ ಎರಡು ಸಲ. ತಡ ಆಗಿದ್ದು ಮೇಜಿನ ಆ ಬದಿಯಲ್ಲಿ, ಡಾಕ್ಟರು ಕೂರುವ ಬದಿಯಲ್ಲಿ.

ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಇದಕ್ಕೆ ನಿಮ್ಮ ಜಿಲ್ಲೆಯಲ್ಲೇ ಸಿಕ್ಕ ಪುರಾವೆ ಇದೆ. 1960ರ ದಶಕದ ಶುರುವಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಬಂದು ಎಕ್ಸ್‌ರೇ, ಕಫ ಪರೀಕ್ಷೆ ಮಾಡಿದರು. ಆಗ ಎಲ್ಲರ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ, ಕಾಯಿಲೆ ಬಂದರೂ ಮನೆಯಲ್ಲೇ ಕೂರುತ್ತಾರೆ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು ಟಿಬಿ ಇದ್ದವರನ್ನು ಮಾತಾಡಿಸಿ ನೋಡಿದರು. ಹೆಚ್ಚುಕಡಿಮೆ ಎಲ್ಲರಿಗೂ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ! 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಟಿಬಿಗೆ ಪ್ರತ್ಯೇಕ ದೊಡ್ಡ ಆಸ್ಪತ್ರೆಗಳನ್ನೇ ನೆಚ್ಚಿಕೊಳ್ಳದೆ, ಜನ ಹೇಗೂ ಹೋಗುವ ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷೆ ಸಿಗಬೇಕು ಎಂಬ ನಮ್ಮ ದೇಶದ ದಾರಿಗೆ ತುಮಕೂರಿನ ಈ ಹಳ್ಳಿಗಳ ಜನ ಆಡಿದ ಮಾತು ಒಂದು ಆಧಾರ.

ಅರವತ್ತು ವರ್ಷದ ಮೇಲೂ ನಿಮ್ಮ ಅಪ್ಪನ ಕೈಗೆ ಅದೇ ಬಾಟಲಿ ಬಂದಿದೆ ಅಂದರೆ ನನಗೆ ಸಂಕಟವಾಗುತ್ತದೆ. ವೃತ್ತಿಗೆ ಬಂದ ಮೊದಲ ವರ್ಷ ನಾನೂ ಒಬ್ಬ ತಾಯಿಗೆ ಹಾಗೇ ಸಿರಪ್ ಬರೆದು ಕಳಿಸಿದ್ದೆ. ಏಳು ವಾರದ ನಂತರ ಆಕೆ ಮಗನ ತೋಳು ಹಿಡಿದುಕೊಂಡು ವಾಪಸ್ ಬಂದರು, ಕಫದಲ್ಲಿ ರಕ್ತ ಇತ್ತು. ಆಕೆ ಹುಷಾರಾದರು. ಆದರೆ ಅಂದಿನಿಂದ ಎರಡು ವಾರ ದಾಟಿದ ಯಾವ ಕೆಮ್ಮನ್ನೂ ಕಫ ಪರೀಕ್ಷೆ ಇಲ್ಲದೆ ನಾನು ಕಳಿಸಿಲ್ಲ. ಇನ್ನೊಂದು ವಿಷಯ. ಕೆಮ್ಮಿಗೆ ಅಂತ ಬರೆಯುವ ಕೆಲವು ಆಂಟಿಬಯಾಟಿಕ್, ಮುಖ್ಯವಾಗಿ ಲೆವೊಫ್ಲಾಕ್ಸಸಿನ್ ಜಾತಿಯವು, ಟಿಬಿಯನ್ನು ಸ್ವಲ್ಪ ದಿನ ಅದುಮಿಡುತ್ತವೆ. ರೋಗಿಗೆ ವಾಸಿಯಾದ ಹಾಗೆ ಅನಿಸುತ್ತದೆ, ಆಮೇಲೆ ಮತ್ತೆ ತಲೆ ಎತ್ತುತ್ತದೆ. ಅಪ್ಪನ ಹಳೆ ಚೀಟಿಗಳಿದ್ದರೆ ಈಗಿನ ಡಾಕ್ಟರಿಗೆ ತೋರಿಸಿ.

ಈಗ ಪರೀಕ್ಷೆ. ಹಿಂದೆಲ್ಲ ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೆವು. ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ರೋಗಾಣು ಇದ್ದರೆ ಮಾತ್ರ ಅದರಲ್ಲಿ ಕಾಣುತ್ತದೆ. ಕಲ್ಚರ್ ಮಾಡಿ ಬೆಳೆಸೋಣ ಅಂದರೆ ವಾರಗಟ್ಟಲೆ ಕಾಯಬೇಕು, ಯಾಕೆಂದರೆ ಈ ರೋಗಾಣು ಬಹಳ ನಿಧಾನ. ಒಂದು ಎರಡಾಗಲು ಇಡೀ ದಿನ ಬೇಕು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಸಿಬಿನ್ಯಾಟ್ ಯಂತ್ರ ರೋಗಾಣುವಿನ ಜೀನನ್ನೇ ಹುಡುಕುತ್ತದೆ. ಎರಡು ಗಂಟೆಯಲ್ಲಿ ಟಿಬಿ ಇದೆಯೋ ಇಲ್ಲವೋ ಹೇಳುತ್ತದೆ, ಅದರ ಜೊತೆಗೆ ರಿಫಾಂಪಿಸಿನ್ ಎಂಬ ಮುಖ್ಯ ಔಷಧಿ ಈ ರೋಗಾಣುವಿಗೆ ನಾಟುತ್ತದೋ ಇಲ್ಲವೋ ಅದನ್ನೂ ಹೇಳುತ್ತದೆ. ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಬ್ಯಾಟರಿಯಲ್ಲಿ ನಡೆಯುತ್ತದೆ, ಕರೆಂಟ್ ಹೋದರೂ ಕೆಲಸ ಮಾಡುತ್ತದೆ. ಸಣ್ಣ ಆಸ್ಪತ್ರೆಗೆ ಹೇಳಿ ಮಾಡಿಸಿದ್ದು ಅದು. ನಿಮ್ಮ ಅಪ್ಪನ ವರದಿಯಲ್ಲಿ ರಿಫಾಂಪಿಸಿನ್ ಬಗ್ಗೆ ಏನು ಬರೆದಿದೆ ಅಂತ ಈ ವಾರವೇ ಕೇಳಿ ತಿಳಿದುಕೊಳ್ಳಿ. ಔಷಧಿ ನಾಟುತ್ತದೆ ಎಂದಿದ್ದರೆ ಮುಂದೆ ನಾನು ಹೇಳುವುದೆಲ್ಲಾ ನಿಮಗೆ ಅನ್ವಯಿಸುತ್ತದೆ. ನಾಟುವುದಿಲ್ಲ ಎಂದಿದ್ದರೆ ಚಿಕಿತ್ಸೆ ಬೇರೆ. ಅದೂ ಈಗ ಮೊದಲಿನಷ್ಟು ಕಷ್ಟವಿಲ್ಲ. 20 ತಿಂಗಳವರೆಗೂ ಎಳೆಯುತ್ತಿದ್ದ ಚಿಕಿತ್ಸೆಯ ಜಾಗದಲ್ಲಿ ಬೆಡಾಕ್ವಿಲಿನ್ ಸೇರಿದ ನಾಲ್ಕು ಔಷಧಿಗಳ ಆರು ತಿಂಗಳ ಚಿಕಿತ್ಸೆಗೆ 2024ರಲ್ಲಿ ನಮ್ಮ ಸರ್ಕಾರ ಒಪ್ಪಿಗೆ ಕೊಟ್ಟಿದೆ.

ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಅದರೊಳಗೆ ಹೋಗುವುದು ಕಫವೇ ಆಗಿರಬೇಕು. ನಿಮ್ಮ ಮನೆಯಲ್ಲಿ ಇನ್ಯಾರಿಗಾದರೂ ಕೆಮ್ಮಿದ್ದರೆ ಉಪಯೋಗಕ್ಕೆ ಬರುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಮನೆಯ ಹೊರಗೆ, ಗಾಳಿ ಆಡುವ ಕಡೆ ನಿಲ್ಲಬೇಕು. ಎರಡು ಮೂರು ಸಲ ಎದೆ ತುಂಬಾ ಉಸಿರು ಎಳೆದು, ಒಂದು ಕ್ಷಣ ಹಿಡಿದು, ಹೊಟ್ಟೆಯಿಂದ ಕೆಮ್ಮಬೇಕು. ಆಗ ಗಟ್ಟಿಯಾಗಿ, ಹಳದಿಯೋ ಬಿಳಿಯೋ ಬಣ್ಣದಲ್ಲಿ ಬರುವುದು ಕಫ. ನೀರಿನಂತೆ ತೆಳ್ಳಗೆ, ನೊರೆನೊರೆಯಾಗಿ ಬಂದರೆ ಅದು ಬಾಯಿಯ ಎಂಜಲು. ಎಂಜಲು ಕೊಟ್ಟು 'ಟಿಬಿ ಇಲ್ಲ' ಅಂತ ವರದಿ ಇಸಿದುಕೊಂಡು ಹೋದವರನ್ನು ಬಹಳ ನೋಡಿದ್ದೇನೆ. ಡಬ್ಬಿಯ ಮುಚ್ಚಳ ಗಟ್ಟಿಯಾಗಿ ತಿರುಗಿಸಿ, ಅವತ್ತೇ ತಲುಪಿಸಿ.

ಕೆಮ್ಮು ನಿಂತ ಮೇಲೂ ಮಾತ್ರೆ ಯಾಕೆ ಅನ್ನುವುದು ನಿಮ್ಮ ಅಪ್ಪನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅವರಿಗೆ ಹೀಗೆ ಹೇಳಿ. ಹೊಲದಲ್ಲಿ ಗರಿಕೆ ಕಿತ್ತರೆ ಮೇಲಿನ ಹಸಿರು ಒಂದೇ ದಿನದಲ್ಲಿ ಹೋಗುತ್ತದೆ, ಬೇರಿನ ಗೆಣ್ಣು ಮಣ್ಣಿನಲ್ಲಿ ಹಾಗೇ ಇರುತ್ತದೆ. ಶ್ವಾಸಕೋಶದಲ್ಲೂ ಎರಡು ಥರದ ರೋಗಾಣು ಇರುತ್ತವೆ. ಚುರುಕಾಗಿ ಬೆಳೆಯುವವು ಮೊದಲ ಕೆಲವು ವಾರದಲ್ಲಿ ಸಾಯುತ್ತವೆ, ಕೆಮ್ಮು ಜ್ವರ ಇಳಿಯುವುದು ಅದಕ್ಕೇ. ಉಳಿದವು ರೋಗದ ವಿರುದ್ಧ ಹೋರಾಡುವ ನಮ್ಮ ಕಾವಲು ಕಣಗಳ ಒಳಗೆ, ಕೀವುಗಟ್ಟಿದ ಗಂಟುಗಳ ನಡುವೆ ಬೆಳೆಯದೆ ಸುಮ್ಮನೆ ಬಿದ್ದಿರುತ್ತವೆ. ಔಷಧಿಗಳು ಬೆಳೆಯುತ್ತಿರುವ ರೋಗಾಣುವನ್ನು ಬೇಗ ಹೊಡೆಯುತ್ತವೆ, ಮಲಗಿದವನ್ನು ಹೊಡೆಯಲು ಸಮಯ ಬೇಕು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ ಅಂತ ಇಟ್ಟಿರುವುದು ಈ ಕಾರಣಕ್ಕೆ. ಒಂದು ಕಾಲದಲ್ಲಿ ಇದೇ ಕಾಯಿಲೆಗೆ ಒಂದೂವರೆ ವರ್ಷ ಚಿಕಿತ್ಸೆ ಇತ್ತು. ರಿಫಾಂಪಿಸಿನ್, ಪೈರಾಜಿನಮೈಡ್ ಬಂದ ಮೇಲೆ ಆರು ತಿಂಗಳಿಗೆ ಇಳಿಯಿತು. 2021ರಲ್ಲಿ ನಾಲ್ಕು ತಿಂಗಳ ಚಿಕಿತ್ಸೆಯೂ ಸಾಲುತ್ತದೆ ಅಂತ ಒಂದು ದೊಡ್ಡ ಪ್ರಯೋಗ ತೋರಿಸಿತು. ಯಾರಾದರೂ ಅದನ್ನು ಓದಿ ನಿಮಗೆ ಹೇಳಬಹುದು. ಅಲ್ಲಿ ಕೊಟ್ಟ ಔಷಧಿಗಳು ಬೇರೆ. ಅಪ್ಪ ನುಂಗುತ್ತಿರುವ ಮಾತ್ರೆಯನ್ನು ನಾಲ್ಕು ತಿಂಗಳಿಗೆ ನಿಲ್ಲಿಸಬಹುದು ಎಂದು ಅದರ ಅರ್ಥವಲ್ಲ. ಅರ್ಧಕ್ಕೆ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಬಿಟ್ಟು ಬಿಟ್ಟು ನುಂಗಿದರೆ ಔಷಧಿಗೆ ಬಗ್ಗದ ರೋಗಾಣು ಬೆಳೆಯುತ್ತದೆ.

ಕೆಂಪು ಮೂತ್ರಕ್ಕೆ ಹೆದರಬೇಡಿ. ಅದು ರಿಫಾಂಪಿಸಿನ್‌ನ ಬಣ್ಣ. ಬೆವರು, ಕಣ್ಣೀರಿಗೂ ಸ್ವಲ್ಪ ಬಣ್ಣ ಬರಬಹುದು. ಹೆದರಬೇಕಾದ್ದು ಬೇರೆ: ಕಣ್ಣು ಹಳದಿಯಾಗುವುದು, ಬಿಡದ ವಾಂತಿ, ಮೈತುಂಬಾ ಗಂದೆ, ಕಣ್ಣು ಮಂಜಾಗುವುದು, ಕೆಂಪು ಹಸಿರು ಗುರುತು ಸಿಗದಿರುವುದು. ಇದರಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಾಲು ಜುಮ್ಮೆನ್ನುತ್ತಿದ್ದರೆ ಬಿ6 ಮಾತ್ರೆ ಕೇಳಿ, ಸಕ್ಕರೆ ಕಾಯಿಲೆ ಇದ್ದವರಿಗೆ ಅದು ಮೊದಲೇ ಬೇಕು. ಆರು ತಿಂಗಳು ಹೆಂಡ ಸಾರಾಯಿ ಕೂಡದು, ಈ ಮಾತ್ರೆಗಳ ಭಾರ ಈಗಾಗಲೇ ಲಿವರ್ ಮೇಲಿದೆ.

ಸಕ್ಕರೆ ಏರಿದ್ದಕ್ಕೂ ಕಾರಣ ಇದೆ. ಸೋಂಕು ಇದ್ದಾಗ ಸಕ್ಕರೆ ಹೇಗೂ ಏರುತ್ತದೆ. ಅದರ ಮೇಲೆ ರಿಫಾಂಪಿಸಿನ್ ಲಿವರನ್ನು ಚುರುಕು ಮಾಡಿ, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಸಕ್ಕರೆ ಮಾತ್ರೆಗಳನ್ನು ಬೇಗ ಕರಗಿಸಿಬಿಡುತ್ತದೆ. ಅಪ್ಪ ಎಂದಿನಂತೆ ನುಂಗುತ್ತಿದ್ದರೂ ಮೈಗೆ ಸಿಗುವುದು ಕಡಿಮೆ. ಇದನ್ನು ಸಕ್ಕರೆ ನೋಡುವ ಡಾಕ್ಟರಿಗೆ ತಿಳಿಸಿ. ಪ್ರಮಾಣ ಬದಲಾಯಿಸಬೇಕಾಗಬಹುದು, ಸ್ವಲ್ಪ ಕಾಲ ಇನ್ಸುಲಿನ್ ಬೇಕಾಗಬಹುದು. ಇದನ್ನು ಹಗುರವಾಗಿ ತಗೋಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಎರಡು ಮೂರು ಪಟ್ಟು ಜಾಸ್ತಿ, ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಟಿಬಿ ವಾಸಿಯಾಗುವುದೂ ಕಷ್ಟ.

ಇನ್ನು ಊಟದ ವಿಷಯ. ನಾನು ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

1950ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ನಡೆಯಿತು. ಟಿಬಿ ರೋಗಿಗಳಲ್ಲಿ ಅರ್ಧ ಜನರನ್ನು ಸ್ಯಾನಿಟೋರಿಯಂನಲ್ಲಿ, ಅಂದರೆ ಟಿಬಿ ರೋಗಿಗಳನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವ ಆಸ್ಪತ್ರೆಯಲ್ಲಿ, ಇಟ್ಟು ಒಳ್ಳೆಯ ಊಟ, ವಿಶ್ರಾಂತಿ ಕೊಟ್ಟರು. ಇನ್ನರ್ಧ ಜನ ತಮ್ಮ ಬಡ ಮನೆಗಳಲ್ಲೇ, ಇದ್ದದ್ದು ಉಂಡುಕೊಂಡು ಅದೇ ಮಾತ್ರೆ ನುಂಗಿದರು. ಇಬ್ಬರಲ್ಲೂ ವಾಸಿಯಾದವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಮನೆಯಲ್ಲೇ ಚಿಕಿತ್ಸೆ ಸಾಧ್ಯ ಅಂತ ಜಗತ್ತಿಗೆ ಗೊತ್ತಾಗಿದ್ದು ಹಾಗೆ. ಬಹಳ ದೊಡ್ಡ ಕೆಲಸ ಅದು. ಆದರೆ ಅದರ ಜೊತೆಗೆ 'ಮಾತ್ರೆ ಇದ್ದರೆ ಆಯ್ತು, ಊಟದ ಮಾತು ಬೇಡ' ಅನ್ನುವ ಅಭ್ಯಾಸವೂ ನಮ್ಮಲ್ಲಿ ಬೇರೂರಿತು. ನಾವು ಓದುವಾಗ ಟಿಬಿ ಪಾಠದಲ್ಲಿ ಊಟದ ಬಗ್ಗೆ ಒಂದೆರಡು ಸಾಲು ಇದ್ದರೆ ಹೆಚ್ಚು.

ಆ ಅಭ್ಯಾಸವನ್ನು ಅಲುಗಾಡಿಸಿದ್ದು ಮಂಗಳೂರಿನ ಯೇನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ತಂಡ. ಜಾರ್ಖಂಡ್‌ನಲ್ಲಿ 2019ರಿಂದ 2022ರವರೆಗೆ 2,800 ರೋಗಿಗಳನ್ನು, ಅವರ ಮನೆಗಳ 10,345 ಜನರನ್ನು ಹಿಂಬಾಲಿಸಿದರು. ರೋಗಿಗಳಿಗೆಲ್ಲಾ ತಿಂಗಳಿಗೆ 10 ಕೆಜಿ ದಿನಸಿ: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಜೊತೆಗೆ ವಿಟಮಿನ್ ಮಾತ್ರೆ. ಅರ್ಧದಷ್ಟು ಊರುಗಳಲ್ಲಿ ಮನೆಯ ಉಳಿದವರಿಗೂ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ವಿಟಮಿನ್ ಮಾತ್ರೆ. ಅಷ್ಟೇ. ಬೇಳೆ ಅಕ್ಕಿ ತಲುಪಿದ ಮನೆಗಳಲ್ಲಿ ಹೊಸದಾಗಿ ಟಿಬಿ ಬಂದವರ ಸಂಖ್ಯೆ ಉಳಿದ ಮನೆಗಳಿಗಿಂತ 39 ಶೇಕಡಾ ಕಡಿಮೆ. ಸೋಂಕು ಹರಡುವ ಶ್ವಾಸಕೋಶದ ಟಿಬಿಯಂತೂ 48 ಶೇಕಡಾ ಕಡಿಮೆ. ರೋಗಿಗಳಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ 5 ಶೇಕಡಾ ಏರಿದವರಿಗೆ ಸಾವಿನ ಅಪಾಯ 61 ಶೇಕಡಾ ಕಡಿಮೆ ಇತ್ತು. 2023ರಲ್ಲಿ ಈ ಫಲಿತಾಂಶ ಓದಿದ ದಿನ ನನಗೆ ಸಂತೋಷ, ನಾಚಿಕೆ ಎರಡೂ ಆಯಿತು. ನಮ್ಮ ಅಜ್ಜಿಯಂದಿರು 'ಒಣಗಿಹೋಗಿದ್ದಾನೆ, ಮೊದಲು ಹೊಟ್ಟೆಗೆ ಹಾಕಿ' ಅನ್ನುತ್ತಿದ್ದರಲ್ಲಾ, ಅದಕ್ಕೆ ಲೆಕ್ಕ ಸಿಕ್ಕಿತು.

ಊಟ ಹೇಗೆ ಕಾಯಿಲೆ ತಡೆಯುತ್ತದೆ? ಟಿಬಿ ರೋಗಾಣು ಒಳಗೆ ಹೋದವರಿಗೆಲ್ಲಾ ಕಾಯಿಲೆ ಬರುವುದಿಲ್ಲ. ಕಾವಲು ಕಣಗಳು ಅದರ ಸುತ್ತ ಗೋಡೆ ಕಟ್ಟಿ ಕೂಡಿಹಾಕುತ್ತವೆ. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಹಾಗೆ ವರ್ಷಗಟ್ಟಲೆ ಇರುತ್ತದೆ. ನೂರರಲ್ಲಿ ಐದರಿಂದ ಹತ್ತು ಜನರಲ್ಲಿ ಮಾತ್ರ ಅದು ಮುಂದೆ ಕಾಯಿಲೆಯಾಗುತ್ತದೆ, ಅದರಲ್ಲೂ ಹೆಚ್ಚಿನದು ಮೊದಲ ಎರಡು ವರ್ಷದಲ್ಲಿ. ಆ ಗೋಡೆಯನ್ನು ದಿನಾ ರಿಪೇರಿ ಮಾಡುತ್ತಿರಬೇಕು. ಅದಕ್ಕೆ ಬೇಕಾದ ಕಣಗಳು, ಅವು ಒಂದಕ್ಕೊಂದು ಕಳಿಸುವ ಸಂದೇಶಗಳು ಎಲ್ಲವೂ ಆಗುವುದು ತಿಂದ ಕಾಳು, ಬೇಳೆ, ಹಾಲು, ಮೊಟ್ಟೆಯಿಂದ. ಹೊಟ್ಟೆ ಬತ್ತಿದರೆ ಗೋಡೆ ಸಡಿಲವಾಗುತ್ತದೆ.

ಹಾಗಾಗಿ ಸೋದರತ್ತೆಯವರ ಪಥ್ಯ ಬೇಡ. ಅವರಿಗೆ ಅಣ್ಣನ ಮೇಲಿನ ಪ್ರೀತಿ, ಅದನ್ನು ಮುರಿಯಬೇಡಿ. ಡಾಕ್ಟರು ಹೇಳಿದ್ದಾರೆ ಅಂತ ನನ್ನ ಹೆಸರಿಗೆ ಹಾಕಿ. ಮೊಟ್ಟೆ ದಿನಕ್ಕೆ ಒಂದೆರಡು ಕೊಡಿ, ಒಂದರಲ್ಲಿ 6 ಗ್ರಾಂ ಪ್ರೋಟೀನ್ ಇದೆ. ಒಂದು ಹಿಡಿ ಕಡ್ಲೆಕಾಯಿ ಬೀಜದಲ್ಲಿ ಹೆಚ್ಚುಕಡಿಮೆ ಅಷ್ಟೇ ಇದೆ, ನಿಮ್ಮ ಕಡೆ ಅದಕ್ಕೆ ಬರವಿಲ್ಲ. ಹಾಲು, ಮೊಸರು, ಹುರುಳಿಕಾಳು, ಅವರೆಕಾಳು, ತಿನ್ನುವವರಾದರೆ ಕೋಳಿ, ಮೀನು ಎಲ್ಲವೂ ಸರಿ. ಬಾಳೆಹಣ್ಣು ಟಿಬಿಗೆ ಏನೂ ಮಾಡುವುದಿಲ್ಲ, ಸಕ್ಕರೆ ಇರುವುದರಿಂದ ಅರ್ಧ ಕೊಡಿ. ಸಕ್ಕರೆ ಕಾಯಿಲೆ ಅಂತ ಉಪವಾಸ ಕೆಡವಬೇಡಿ. ಎರಡು ಮುದ್ದೆ ಉಣ್ಣುವವರಿಗೆ ಒಂದು ಸಾಕು, ಆದರೆ ಸಾರಿನಲ್ಲಿ ತಿಳಿ ಬಿಟ್ಟು ಗಟ್ಟಿ ಕಾಳನ್ನು ಸೌಟು ತುಂಬಾ ಬಡಿಸಿ. ನಮ್ಮ ಮನೆಗಳಲ್ಲಿ ಕಾಳೆಲ್ಲಾ ತಳದಲ್ಲಿ ಉಳಿದುಬಿಡುತ್ತದೆ, ಅಲ್ವಾ? ಆ ತಳದ ಕಾಳೇ ಅಪ್ಪನ ತಟ್ಟೆಗೆ ಬರಲಿ. ಅಮ್ಮನಿಗೂ ಬಡಿಸಿ. ಎಲ್ಲರಿಗೂ ಹಾಕಿ ಕೊನೆಗೆ ಉಳಿದದ್ದು ಉಣ್ಣುವವರು ಅವರೇ, ಕಾಯಿಲೆಯವರ ಪಕ್ಕದಲ್ಲಿ ಜಾಸ್ತಿ ಹೊತ್ತು ಇರುವವರೂ ಅವರೇ.

ಸರ್ಕಾರದ ಪೋಷಣೆಯ ಹಣ ನವೆಂಬರ್ 2024ರಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ಅಪ್ಪನ ಬ್ಯಾಂಕ್ ಖಾತೆ ನಿಕ್ಷಯ್ ಎಂಬ ಸರ್ಕಾರದ ಟಿಬಿ ದಾಖಲೆಯಲ್ಲಿ ಸೇರಿದೆಯಾ ಅಂತ ಆಶಾ ಅಕ್ಕನನ್ನೇ ಕೇಳಿ. ಕೇಳಲು ಸಂಕೋಚ ಬೇಡ, ಅದು ಅವರ ಹಕ್ಕು.

ತಟ್ಟೆ ಲೋಟ ಬೇರೆ ಇಟ್ಟಿದ್ದನ್ನು ಇವತ್ತೇ ಒಳಗೆ ತನ್ನಿ. ಟಿಬಿ ಹರಡುವುದು ಗಾಳಿಯಿಂದ. ಕೆಮ್ಮಿದಾಗ, ಮಾತಾಡಿದಾಗ ಹಾರುವ ಸಣ್ಣ ಹನಿ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತದೆ, ಅದನ್ನು ಇನ್ನೊಬ್ಬರು ಉಸಿರಾಡುತ್ತಾರೆ. ತಟ್ಟೆಯಿಂದ, ಬಟ್ಟೆಯಿಂದ, ಮುಟ್ಟಿದ್ದರಿಂದ ಬರುವುದಿಲ್ಲ. ಬೇರೆ ತಟ್ಟೆಯಿಂದ ಯಾರಿಗೂ ರಕ್ಷಣೆ ಇಲ್ಲ, ಅಪ್ಪನ ಮನಸ್ಸಿಗೆ ಮಾತ್ರ ನೋವು. ಒಬ್ಬ ಹಿರಿಯರು ನನ್ನ ಹತ್ತಿರ ಹೇಳಿದ್ದರು: 'ಮೊಮ್ಮಗು ನನ್ನ ಲೋಟ ಮುಟ್ಟಿದಾಗ ಸೊಸೆ ಕಿರುಚಿದಳು, ಅವತ್ತಿನಿಂದ ಊಟ ಸೇರುತ್ತಿಲ್ಲ.' ಊಟ ಸೇರದಿದ್ದರೆ ತೂಕ ಹೇಗೆ ಏರುತ್ತದೆ ಹೇಳಿ.

ಹುಷಾರಾಗಿರುವವರಿಗೆ ಮಾತ್ರೆ ಯಾಕೆ ಅಂದಿರಿ. ಎರಡು ತಿಂಗಳು ಅಪ್ಪ ಔಷಧಿಯಿಲ್ಲದೆ ಕೆಮ್ಮಿದಾಗ ನೀವೆಲ್ಲಾ ಅದೇ ಸೂರಿನಡಿ ಮಲಗಿದ್ದಿರಿ. ಯಾರೊಳಗೆ ಕೆಂಡ ಇದೆಯೋ ನೋಡಿದರೆ ಗೊತ್ತಾಗುವುದಿಲ್ಲ. ಮೊದಲು ಯಾರಿಗೂ ಈಗಾಗಲೇ ಕಾಯಿಲೆ ಇಲ್ಲ ಅನ್ನುವುದು ಖಚಿತವಾಗಬೇಕು. 'ನನಗೆ ಕೆಮ್ಮಿಲ್ಲ' ಅಂದರೆ ಸಾಲದು. 2019ರಿಂದ 2021ರವರೆಗೆ ದೇಶದಲ್ಲಿ ನಡೆದ ಟಿಬಿ ಸಮೀಕ್ಷೆಯಲ್ಲಿ, ಎದೆಯ ಎಕ್ಸ್‌ರೇ ತೆಗೆಯದೇ ಇದ್ದಿದ್ದರೆ 42.6 ಶೇಕಡಾ ರೋಗಿಗಳು ಕೈತಪ್ಪಿ ಹೋಗುತ್ತಿದ್ದರು. ಅವರು ಹೇಳುವಂಥ ತೊಂದರೆಯೇ ಅವರಿಗೆ ಇರಲಿಲ್ಲ. ಆದ್ದರಿಂದ ಅಮ್ಮ, ಅಣ್ಣ, ಅತ್ತಿಗೆ, ನೀವು ನಾಲ್ವರೂ ಎಕ್ಸ್‌ರೇ ತೆಗೆಸಿ. ಅತ್ತಿಗೆ ಬಸುರಿಯಾಗಿದ್ದರೆ ಮೊದಲೇ ಹೇಳಲಿ. ಕಾಯಿಲೆ ಇಲ್ಲ ಅಂತಾದರೆ ತಡೆ ಮಾತ್ರೆ ಶುರುಮಾಡುತ್ತಾರೆ. ಆರು ತಿಂಗಳು ದಿನಾ ನುಂಗುವ ಐಸೋನಯಜಿಡ್ ಒಂದು, ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ನುಂಗುವ ಎರಡು ಔಷಧಿಯ ಜೋಡಿ ಇನ್ನೊಂದು. ನನಗೆ ಎರಡನೆಯದೇ ಇಷ್ಟ, ಜನ ಅದನ್ನು ಅರ್ಧಕ್ಕೆ ಬಿಡುವುದು ಕಡಿಮೆ.

ಎಲ್ಲರಿಗಿಂತ ಮೊದಲು ಮೂರು ವರ್ಷದ ಮಗಳನ್ನು ಕರೆದುಕೊಂಡು ಹೋಗಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಆ ಗೋಡೆ ಇನ್ನೂ ಗಟ್ಟಿಯಾಗಿರುವುದಿಲ್ಲ, ರೋಗಾಣು ಕೆಲವೇ ವಾರದಲ್ಲಿ ಮಿದುಳಿನ ಪೊರೆಗೂ ಹೋಗಬಹುದು. ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆ ಅಂಥ ಕೆಟ್ಟ ಟಿಬಿಯಿಂದ ಬಹಳಷ್ಟು ಕಾಪಾಡುತ್ತದೆ, ಪೂರ್ತಿ ಅಲ್ಲ. ಈ ವಯಸ್ಸಿನವರಿಗೆ ಕಾಯಿಲೆ ಇಲ್ಲ ಅಂತ ಖಚಿತವಾದರೆ ಸಾಕು, ಸೋಂಕಿನ ಬೇರೆ ಪರೀಕ್ಷೆಗೆ ಕಾಯದೆ ತಡೆ ಔಷಧಿ ಕೊಡುತ್ತಾರೆ. ಅವಳ ತೂಕ ಏರುತ್ತಿದೆಯಾ ಅಂತ ಅಂಗನವಾಡಿಯ ತಾಯಿ ಕಾರ್ಡ್ ನೋಡಿ. ಮಕ್ಕಳಲ್ಲಿ ಕೆಮ್ಮಿಗಿಂತ ಮೊದಲು ತೂಕ ನಿಲ್ಲುವುದೇ ಕಾಣುತ್ತದೆ.

ತಂಗಿ ಬರಲಿ. ಸರಿಯಾದ ಔಷಧಿ ದಿನಾ ಹೊಟ್ಟೆಗೆ ಹೋಗುತ್ತಿದ್ದರೆ ಸೋಂಕು ಹರಡುವ ಶಕ್ತಿ ಬಹಳ ಬೇಗ ಇಳಿಯುತ್ತದೆ. ಎರಡು ವಾರ ಅಂತ ನಾವು ಹೇಳುತ್ತಿದ್ದೆವು, ಈಗಿನ ತಿಳುವಳಿಕೆಯಂತೆ ಅದಕ್ಕಿಂತ ಬೇಗ. ಮದರಾಸಿನ ಅದೇ ಪ್ರಯೋಗದಲ್ಲಿ, ರೋಗಿ ಮನೆಯಲ್ಲೇ ಇದ್ದ ಕುಟುಂಬಗಳಿಗೂ ರೋಗಿ ಸ್ಯಾನಿಟೋರಿಯಂಗೆ ಹೋದ ಕುಟುಂಬಗಳಿಗೂ ಹೊಸದಾಗಿ ಟಿಬಿ ಬರುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹರಡುವುದರಲ್ಲಿ ಬಹುಪಾಲು ಔಷಧಿ ಶುರುವಾಗುವ ಮೊದಲೇ ಹರಡಿರುತ್ತದೆ. ಜಾತ್ರೆಯ ಹೊತ್ತಿಗೆ ಅಪ್ಪನಿಗೆ ಹೆಚ್ಚುಕಡಿಮೆ ಎರಡು ತಿಂಗಳ ಚಿಕಿತ್ಸೆ ಆಗಿರುತ್ತದೆ, ಆಗ ಮಾಡುವ ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ ಅಂತ ಬಂದರೆ ತಂಗಿಯ ಮನಸ್ಸಿಗೂ ನಿರಾಳ. ಕಿಟಕಿ ತೆರೆದಿಡಿ. ಹಗಲು ಹೊತ್ತು ಅಪ್ಪ ಜಗಲಿ ಮೇಲೆ ಕೂತು ಮಗುವನ್ನು ತೊಡೆ ಮೇಲೆ ಹಾಕಿಕೊಳ್ಳಲಿ. ಅಕಸ್ಮಾತ್ ಅಪ್ಪ ಕೆಮ್ಮುತ್ತಿದ್ದ ಆ ಎರಡು ತಿಂಗಳಲ್ಲಿ, ಅಂದರೆ ಔಷಧಿ ಶುರುವಾಗುವ ಮೊದಲು, ತಂಗಿ ಕೂಸಿನ ಜೊತೆ ಬಂದು ನಿಮ್ಮ ಮನೆಯಲ್ಲಿ ಇದ್ದು ಹೋಗಿದ್ದರೆ ಜಾತ್ರೆವರೆಗೆ ಕಾಯಬೇಡಿ, ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ಮಗುವನ್ನು ತೋರಿಸಲು ಇವತ್ತೇ ಫೋನ್ ಮಾಡಿ.

ಕೊನೆಗೆ ಒಂದು ಕೆಲಸ ನಿಮಗೆ. ಅಪ್ಪ ಚಿಕಿತ್ಸೆ ಶುರುಮಾಡಿದಾಗ 46 ಕೆಜಿ ಇದ್ದರು. ಅದರ 5 ಶೇಕಡಾ ಅಂದರೆ ಎರಡು ಕಾಲು ಕೆಜಿಗೆ ಸ್ವಲ್ಪ ಜಾಸ್ತಿ. ಎರಡು ತಿಂಗಳಿಗೆ 48 ಕೆಜಿ 300 ಗ್ರಾಂ ಮುಟ್ಟಬೇಕು. ಪ್ರತಿ ಭಾನುವಾರ ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ತಿಂಡಿಗೆ ಮುಂಚೆ ತೂಗಿ, ಗೋಡೆಯ ಕ್ಯಾಲೆಂಡರಿನ ಆ ತಾರೀಖಿನ ಮೇಲೆ ಬರೆಯಿರಿ. ಎರಡು ವಾರ ಮುಳ್ಳು ಕದಲದಿದ್ದರೆ ಮುಂದಿನ ಭೇಟಿವರೆಗೆ ಕಾಯದೆ ಡಾಕ್ಟರ ಹತ್ತಿರ ಹೋಗಿ, ಸಕ್ಕರೆಯನ್ನೂ ಅವತ್ತೇ ನೋಡಿಸಿ.